ರೋಮನ್ ವರ್ಷಕ್ಕೊಂದು ಶುಭದ ಗೀಟು

ಚಿತ್ತವಾಡ್ಗಿಯಲ್ಲಿ ನಮ್ಮ ಪಕ್ಕದ ಮನೆಯವರ ಗೃಹಪ್ರವೇಶ ನಾಲ್ಕು ತಿಂಗಳು ಮುಂದಕ್ಕೆ ಹೋಯಿತು. ಯಾಕೆ, ಊಹಿಸಿ ನೋಡೋಣ? ಸೂತಕವಲ್ಲ, ಮಳೆಯಲ್ಲ, ಸಿಮೆಂಟಿನ ತೊಂದರೆಯೂ ಅಲ್ಲ. ಹೊಳೆಯಲಿಲ್ಲವೇ? ಹಾಗಾದರೆ ಮೊದಲಿನಿಂದ ಹೇಳುತ್ತೇನೆ. ಕಾಲೇಜಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತನಾದವನು ನಾನು. ಎಲ್ಲ ಬಿಟ್ಟರೂ ರೋಮನ್ ಅಂಕಿಗಳು ಮಾತ್ರ ನನ್ನ ಬೆನ್ನು ಬಿಟ್ಟಿಲ್ಲ.

ಪರೀಕ್ಷೆ ಕೋಣೆ

ಕೆಲಸದಲ್ಲಿದ್ದಾಗ ನಾನು ಕಂಪ್ಲಿಯಲ್ಲಿದ್ದೆ. ಕಾಲೇಜಿನ ಕಿರುಪರೀಕ್ಷೆ. ದರೋಜಿಯಿಂದ ಬರುವ ಹುಡುಗಿಯೊಬ್ಬಳು ಬಸ್ಸು ತಡವಾಗಿ, ಓಡೋಡಿ ಬಂದು ಕೂತಳು. ಅವಳದು ನಾಲ್ಕನೇ ಸೆಮಿಸ್ಟರು, ಅಂದರೆ IV. ಕೂತದ್ದು VI ಎಂದು ಬರೆದ ಕೋಣೆಯಲ್ಲಿ. ಐದರ ಎಡಕ್ಕೆ ಗೀಟಿದ್ದರೆ ಕಳೆಯಬೇಕು, ಬಲಕ್ಕಿದ್ದರೆ ಕೂಡಬೇಕು; ಓಡಿ ಬಂದವರಿಗೆ ಎಡ ಯಾವುದು, ಬಲ ಯಾವುದು? ಮುಕ್ಕಾಲು ಗಂಟೆ ಬರೆದ ಮೇಲೆ ನನ್ನ ಕಣ್ಣಿಗೆ ಬಿತ್ತು.

"ಅಲ್ಲಮ್ಮ, ಇದು ಆರನೇ ಸೆಮಿಸ್ಟರಿನ ಪೇಪರು. ಒಂದು ಪ್ರಶ್ನೆಯೂ ಗೊತ್ತಿಲ್ಲ ಅಂದಾಗಲಾದರೂ ಅನುಮಾನ ಬರಲಿಲ್ವೇ?"

"ಇಲ್ರಿ ಸರ್. ಒಂದಾದ್ರೂ ಗೊತ್ತಿದ್ದಿದ್ರ ಅನುಮಾನ ಬರ್ತಿತ್ರಿ."

ಗಡಿಯಾರದ ನಾಲ್ಕು

ನಮ್ಮ ಪಕ್ಕದ ಮನೆಯವರು ಸಂಡೂರಿನ ಗಣಿಯಲ್ಲಿ ಫೋರ್‌ಮನ್ ಆಗಿದ್ದವರು. ಕಟ್ಟುತ್ತಿದ್ದ ಹೊಸ ಮನೆಗೆಂದು ಹೊಸಪೇಟೆಯಲ್ಲಿ ರೋಮನ್ ಅಂಕಿಯ ಗೋಡೆ ಗಡಿಯಾರ ಕೊಂಡರು. ಮರುದಿನವೇ ವಾಪಸ್ ಕೊಡಲು ಹೊರಟರು, ಸಾಕ್ಷಿಗೆ ನಾನು.

"ನಾಲ್ಕು ತಪ್ಪೈತಿ. IV ಇರಬೇಕಾದಲ್ಲಿ ನಾಲ್ಕು ಗೀಟು ಎಳದಾರ" ಎಂದರು. ಅಂಗಡಿಯವನು ಗೋಡೆಯ ಮೇಲಿನ ರೋಮನ್ ಗಡಿಯಾರಗಳನ್ನೆಲ್ಲ ಇಳಿಸಿ ತೋರಿಸಿದ. ಎಲ್ಲದರಲ್ಲೂ IIII.

"ಹಂಗಾದ್ರ ಲಾಟ್ ಪೂರ್ತಿ ಕೆಟ್ಟೈತಿ."

ಗಡಿಯಾರದವರದು ಹಿಂದಿನಿಂದ ಬಂದ ರೂಢಿ, ನಾಲ್ಕಕ್ಕೆ ನಾಲ್ಕು ಗೀಟೇ ಹಾಕುತ್ತಾರೆ ಎಂದೆ. ಅವರು ಒಂಬತ್ತರ ಮೇಲೆ ಬೆರಳಿಟ್ಟರು. ಅಲ್ಲಿ ಸರಿಯಾಗಿ IX ಇತ್ತು.

"ನಾಲ್ಕಕ್ಕ ಕೂಡಸ್ತಾರ, ಒಂಬತ್ತಕ್ಕ ಕಳೀತಾರ. ನಡುವ ಐದು ತಾಸಿನ್ಯಾಗ ಕಳೆಯೋ ಲೆಕ್ಕ ಕಲ್ತ್ರೇನ್ರಿ ಇವ್ರು?"

ಬಾಗಿಲ ಮೇಲಿನ ಕಲ್ಲು

ಇಷ್ಟಾದರೂ ರೋಮನ್ ಹುಚ್ಚು ಇಳಿಯಲಿಲ್ಲ. ಸಂಡೂರಿನ ಹಳೇ ಬಂಗಲೆಯೊಂದರ ಮೇಲೆ ರೋಮನ್ ಅಂಕಿಯಲ್ಲಿ ವರ್ಷ ಕೆತ್ತಿದ್ದು ಕಂಡಿದ್ದರಂತೆ, ತಮ್ಮ ಬಾಗಿಲ ಮೇಲೂ ಕಟ್ಟಿದ ವರ್ಷ ಹಾಗೇ ಬರಬೇಕು ಎಂದರು. ಕಾರ್ತಿಕದಲ್ಲಿ ಮುಹೂರ್ತ ಗೊತ್ತಾಗಿತ್ತು. ಬೀಗರೆಲ್ಲ ಬರುವವರು, ಅವರೆದುರು ವರ್ಷ ತಪ್ಪಾದರೆ ಮಾನ ಹೋದಂತೆ ಎಂದು ಬರೆದುಕೊಡುವ ಕೆಲಸ ನನಗೇ ಒಪ್ಪಿಸಿದರು. 2025ಕ್ಕೆ MMXXV ಎಂದು ಬರೆದುಕೊಟ್ಟೆ.

ಕೆತ್ತುವ ಮೇಸ್ತ್ರಿ ಹಂಪಿ ಕಡೆಯವನು. ಅವನು ಕೆಲಸ ಮಾಡುವಾಗ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಗೀಟು ಅಂದರೆ ಒಂದು, V ಅಂದರೆ ಬಿಡಿಸಿದ ಒಂದು ಕೈ, X ಅಂದರೆ ಎರಡು ಕೈ ಅಂತಾರೆ ಎಂದೆ. ರೋಮನ್ನರಿಗೆ ಸೊನ್ನೆ ಇರಲಿಲ್ಲ, ಅದು ನಮ್ಮಿಂದ ಅರಬರಿಗೆ, ಅರಬರಿಂದ ಯುರೋಪಿಗೆ ಹೋಯಿತು ಎಂದೆ. ಅವನು ಭಕ್ತಿಯಿಂದ ಕೇಳಿದ.

ಕಲ್ಲು ಬಾಗಿಲ ಮೇಲೆ ಕೂತ ಮೇಲೆ ನೋಡಿದರೆ MMXXVI, ಅಂದರೆ 2026! ಫೋರ್‌ಮನ್ನರ ಮುಖ ಬಿಳಿಚಿತು.

"ಏನ್ ಮೇಸ್ತ್ರಿ ಇದು? ಕೊನೀ ಗೀಟು ಎಲ್ಲಿಂದ ಬಂತು?"

"ಶುಭಕ್ಕ ಹಾಕೀನ್ರಿ ಯಜಮಾನ್ರ. ಮದುವ್ಯಾಗ ನೂರು ಮುಯ್ಯಿ ಮಾಡಂಗಿಲ್ಲ, ನೂರಾ ಒಂದು ಮಾಡ್ತೀವಿ. ಬಾಗಲ ಮ್ಯಾಲಿನ ಲೆಕ್ಕಕ್ಕ ಒಂದು ಸೇರಸಬ್ಯಾಡೇನು? ಗೀಟಂದ್ರ ಒಂದು ಅಂತ ಸರ್ರೇ ಹೇಳಿದ್ರು. ಅದಕ್ಕ ಕೂಲಿ ಬ್ಯಾಡ ಬಿಡ್ರಿ."

"ಅಳಿಸು ಅದನ್ನ!"

"ಕಲ್ಲಿನ್ಯಾಗ ಅಳಸಾಕ ಬರಂಗಿಲ್ರಿ. ತಗದ್ರ ಬಾಗಲ ಪೂರ್ತಿ ಒಡೀಬೇಕು."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಲ್ಲಿನ ಕಡೆ ನೋಡಿದೆ. ಆಗ ಫೋರ್‌ಮನ್ನರ ಹೆಂಡತಿ ಒಳಗಿನಿಂದ ಬಂದರು.

"ಅಡಗಿಮನಿ ಕಟ್ಟೀಗೆ ಕಲ್ಲ ಬಂದಿಲ್ಲ, ಬಚ್ಚಲಕ್ಕ ನಲ್ಲಿ ಇಲ್ಲ. ಮೇಸ್ತ್ರಿಗ್ಯಾಕ ಬೈತೀರಿ? ಕಲ್ಲಿನ್ಯಾಗ ಏನೈತೋ ಆ ವರ್ಷಾನ ಬರೂಣಂತ."

ಮುಹೂರ್ತ ಮುಂದೆ ಹೋಯಿತು. ಗೃಹಪ್ರವೇಶದ ದಿನ ಬೀಗರೊಬ್ಬರು ಕಲ್ಲು ನೋಡಿ ವರ್ಷ ಸರಿಯಾಗಿದೆ ಎಂದು ಮೆಚ್ಚಿಕೊಂಡರು. ಪಕ್ಕದಲ್ಲೇ ಹೋಳಿಗೆ ತಿನ್ನುತ್ತಿದ್ದ ಮೇಸ್ತ್ರಿ ಹೇಳಿದ: "ನಂದು ಹೋದ ವರ್ಷನ ಸರಿ ಇತ್ರಿ. ಇವ್ರ ಮನೀನ ತಡಾ ಆತು."

ಅವತ್ತು ಗುರುವಾರ, 2026ರ ಯುಗಾದಿ ಪಾಡ್ಯ.