ನಮ್ಮನೆಯ ಎರಡು ಔಷಧಿ

"ಅವ್ವಾ, ಕುಡೀಬೇಡ!" ಎಂದು ಕೂಗಿ ಅವ್ವನ ಕೈಯಲ್ಲಿದ್ದ ಬಾಟಲಿಗೆ ಬೀಸಿ ಹೊಡೆದೆ. ಅದು ಗೋಡೆಗೆ ಬಡಿದು ಒಡೆಯಿತು. ಗದ್ದೆಗೆ ಹೊಡೆಯುವ ಔಷಧಿಯ ವಾಸನೆ ಮನೆಯೆಲ್ಲ ತುಂಬಿತು. ಅವ್ವನ ಕೈಯಲ್ಲಿ ಚಮಚ ಮಾತ್ರ ಉಳಿದಿತ್ತು. ಗಾಬರಿಗೆ ಕೆಮ್ಮೂ ನಿಂತುಹೋಗಿತ್ತು.

ಆದದ್ದಿಷ್ಟು. ಅವ್ವ ಒಳಗಿನಿಂದ "ಔಷಧಿ ಎಲ್ಲೈತೆ?" ಎಂದು ಕೇಳಿದ್ದಾಳೆ. ಕೆಮ್ಮಿ ಕೆಮ್ಮಿ ಅವಳ ದನಿ ನನ್ನ ದನಿಯ ಹಾಗೇ ಆಗಿತ್ತು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ ಸವಿತಾ, ಗದ್ದೆಗೆ ಹೊರಟ ನಾನೇ ಕೇಳಿದೆ ಅಂದುಕೊಂಡು "ಕಿಟಕಿ ಮೇಲೈತಿ ನೋಡ್ರಿ" ಅಂದಿದ್ದಾಳೆ. ಗದ್ದೆಯದನ್ನು ಕೆಮ್ಮಿನ ಖಾಲಿ ಬಾಟಲಿಗೆ ಬಗ್ಗಿಸಿಟ್ಟ ಜಾಣ ಯಾರು ಅಂತ ಮಾತ್ರ ಕೇಳಬೇಡಿ.

ನಮ್ಮ ಹೊಸಬಾಳೆ ಕಡೆ ಹುಳ ಸಾಯುವುದಕ್ಕೂ ಔಷಧಿ, ಮನುಷ್ಯ ಬದುಕುವುದಕ್ಕೂ ಔಷಧಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ನನಗೇ ಇದು ಸರಿಯಿಲ್ಲ ಅನ್ನಿಸಿತು. ಅವತ್ತೇ ಒಂದು ಹಳೇ ಟ್ರಂಕು ತಂದು ಕೊಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಗದ್ದೆಯದೆಲ್ಲ ಅದರೊಳಗೆ. ಆಮೇಲೆ ಇಬ್ಬರನ್ನೂ ಕೂರಿಸಿ ಹೇಳಿದೆ: "ಇವತ್ತಿಂದ ಇದಕ್ಕೆ ವಿಷ ಅನ್ನಬೇಕು. ಔಷಧಿ ಅಂದೋರಿಗೆ ಅವತ್ತು ಟೀ ಇಲ್ಲ."

"ಬೆಳಿಗ್ಗೆ ಎದ್ದು ವಿಷ ವಿಷ ಅಂತಿದ್ರೆ ಮನೆಗೆ ಒಳ್ಳೇದಲ್ಲ ಕಣಾ" ಅಂದಳು ಅವ್ವ.

"ಕುಡಿಯೋದು ಒಳ್ಳೇದಾ?"



ಮಾರನೇ ದಿನ ನಾನು ಹುಳಕ್ಕೆ ಹೊಡೆಯುವ ಪಂಪು ಹೆಗಲಿಗೇರಿಸಿ ಹೊರಟಿದ್ದೆ. ಸವಿತಾ ಬಾಗಿಲಲ್ಲಿ ನಿಂತು, "ರೀ, ವಿಷ ತಗೊಂಡ್ರಾ?" ಎಂದು ಕೂಗಿದಳು. "ಹೂಂ, ತಗೊಂಡೆ ಕಣೇ" ಅಂದೆ. ಗದ್ದೆ ಮುಟ್ಟುವುದರೊಳಗೆ ಪಕ್ಕದ ಮನೆಯ ಗಿರಿಜಕ್ಕ ಗಂಡನನ್ನೂ ಬೈಕನ್ನೂ ಹೊರಡಿಸಿಕೊಂಡು ಬಂದಳು. "ಹತ್ತೋ, ಆಸ್ಪತ್ರೆಗೆ ಹೋಗಾಣ! ಎಷ್ಟು ತಗೊಂಡೆ?" ಅರ್ಧ ಲೀಟರ್ ಅಂದೆ. ಅವಳು ಅಲ್ಲೇ ಬದುವಿನ ಮೇಲೆ ಕುಸಿದು ಅಳತೊಡಗಿದಳು. ಬಿಡಿಸಿ ಹೇಳುವಷ್ಟರಲ್ಲಿ ಬಿಸಿಲೇರಿ ಹೊಡೆಯುವ ಹೊತ್ತೇ ಮುಗಿದಿತ್ತು. ಆದರೂ ನಾನು ಹಟ ಬಿಡಲಿಲ್ಲ.

ಇದ್ದದ್ದು ಖಾಲಿಯಾದ ಮೇಲೆ ಶಿಕಾರಿಪುರಕ್ಕೆ ಹೋಗಿ ಗೊಬ್ಬರದ ಅಂಗಡಿಯಲ್ಲಿ "ಒಂದು ಲೀಟರ್ ವಿಷ ಕೊಡ್ರಿ" ಅಂದೆ. ಅಂಗಡಿಯವರು ನನ್ನ ಮುಖ ನೋಡಿದರು. ಸ್ಟೂಲು ಎಳೆದು ಹಾಕಿದರು. "ಕುಂದ್ರು ತಮ್ಮಾ. ಮನ್ಯಾಗ ಏನರ ಜಗಳ ಆಗೈತೇನು?" ಇಲ್ಲ ಅಂದೆ. ಟೀ ತರಿಸಿದರು. ಮನೆಯ ನಂಬರು ಕೇಳಿ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ಅಮ್ಮಾರೆ, ನಿಮ್ಮ ಯಜಮಾನ್ರು ಇಲ್ಲಿ ವಿಷ ಕೇಳಾಕತ್ತಾರ್ರೀ."

"ಹೂಂನ್ರಿ, ನಾನೇ ಕಳಿಸಿದ್ದು. ಈ ಸಲ ಸ್ವಲ್ಪ ಜೋರಿಂದೇ ಕೊಡ್ರಿ, ಹೋದ ಸಲದ್ದು ಏನೂ ಹತ್ತಲಿಲ್ಲ" ಅಂದಳು ಸವಿತಾ.

ಅಂಗಡಿಯವರು ಫೋನಿಟ್ಟು ಇನ್ನೊಂದು ಟೀ ತರಿಸಿದರು. ಆಮೇಲೆ ಎಷ್ಟು ಹೇಳಿದರೂ, ಗದ್ದೆಯ ಹುಳದ ಫೋಟೋ ತೋರಿಸಿದರೂ ಅವರು ಒಂದು ಹನಿ ಕೊಡಲಿಲ್ಲ. ಔಷಧಿ ಅಂತ ಮೊದಲೇ ಕೇಳಿದ್ದರೆ ಕಣ್ಣು ಮುಚ್ಚಿ ಕೊಡುತ್ತಿದ್ದರು.

ಸಂಜೆ ಖಾಲಿ ಕೈಯಲ್ಲಿ ಮನೆಗೆ ಬಂದೆ. ಅವ್ವ ಕಿಟಕಿಯ ಹತ್ತಿರ ಕೆಮ್ಮುತ್ತ ನಿಂತಿದ್ದಳು. ಕೈಯಲ್ಲಿದ್ದ ಬಾಟಲಿಯನ್ನು ಮೂಸಿ ನೋಡಿ, "ಸವಿತಾ, ಇದು ಔಷಧಿನಾ, ವಿಷನಾ?" ಎಂದು ಕೂಗಿದಳು. "ಔಷಧಿ, ಕುಡೀರಿ ಅತ್ತಿ" ಎಂಬ ಉತ್ತರ ಬಂದ ಮೇಲೇ ಚಮಚ ತೆಗೆದುಕೊಂಡಳು. ನನಗೆ ಅಷ್ಟು ಸಾಕಾಗಿತ್ತು. ಗೆದ್ದ ಖುಷಿಯಲ್ಲಿ, "ಔಷಧಿ ಸಿಗಲಿಲ್ಲ ಅವ್ವಾ" ಅಂದುಬಿಟ್ಟೆ.

"ಯಾವ ಔಷಧಿ?"

"ಅದೇ, ಗದ್ದೆದು..."

"ಸವಿತಾ, ಇವನಿಗೆ ಇವತ್ತು ಟೀ ಇಡಬ್ಯಾಡ" ಅಂದಳು ಅವ್ವ.

ಇಡಲಿಲ್ಲ. ಪುಣ್ಯಕ್ಕೆ ಅಂಗಡಿಯಲ್ಲಿ ಎರಡು ಕುಡಿದಿದ್ದೆ. ಇಷ್ಟೇ, ಇನ್ನು ಹೇಳುವುದೇನೂ ಇಲ್ಲ.