ಟೆರೇಸಿನ ಮೇಲೊಂದು ಜಲಾಂತರ್ಗಾಮಿ

ಎರಡನೇ ಮಹಾಯುದ್ಧ ಮುಗಿದಿದೆ ಎಂದು ನೀವು ನಂಬಿಕೊಂಡಿದ್ದರೆ ಅದು ನಿಮ್ಮ ಇಷ್ಟ. ಬಂದರಿನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಅದು ಇನ್ನೂ ಮುಗಿದಿಲ್ಲ! ಮುಗಿಯಗೊಡದವರು ನನ್ನ ಅಮ್ಮನ ಅಣ್ಣ, ಬ್ಯಾಂಕಿನಿಂದ ನಿವೃತ್ತರಾದ ನಮ್ಮ ದೊಡ್ಡ ಮಾವ. ತಲೆತಲಾಂತರದಿಂದ ಕಡಲಿಗಿಳಿದ ಮನೆತನದಲ್ಲಿ ಹುಟ್ಟಿಯೂ ತಣ್ಣೀರುಬಾವಿಗೆ ಹೊಳೆ ದಾಟಿಸುವ ಫೆರಿಯಲ್ಲೇ ವಾಂತಿ ಮಾಡಿಕೊಳ್ಳುವ ಈ ಮಹಾನುಭಾವರಿಗೆ ಜರ್ಮನಿಯ ಜಲಾಂತರ್ಗಾಮಿಗಳ ಹುಚ್ಚು.

ವಿಷಯ ಇಷ್ಟೆ. ಶತ್ರು ವಿಮಾನದ ರಾಡಾರ್ ತಮ್ಮನ್ನು ಹುಡುಕುತ್ತಿದ್ದರೆ ಮೊದಲೇ ತಿಳಿಯಲಿ ಎಂದು ಆ ಜಲಾಂತರ್ಗಾಮಿಗಳಲ್ಲಿ ಒಂದು ರಿಸೀವರ್ ಇರುತ್ತಿತ್ತಂತೆ. ಅದರ ಏರಿಯಲ್ ಎಂದರೆ ಮರದ ಒಂದು ಶಿಲುಬೆ, ಅದಕ್ಕೆ ಬಿಗಿದ ತಂತಿ. ನೀರಿನ ಮೇಲಿರುವಾಗ ಅದನ್ನು ಕೈಯಿಂದಲೇ ತಿರುಗಿಸಬೇಕು, ಮುಳುಗುವ ಮೊದಲು ಕಿತ್ತುಕೊಂಡು ಒಳಗೆ ಓಡಬೇಕು. ಜರ್ಮನಿಯ ಮೇಲೆ ಮಾವನಿಗೆ ಪ್ರೀತಿಯೇನಿಲ್ಲ. "ಸೋಲಬೇಕಾದವರೇ ಸೋತದ್ದು" ಎನ್ನುತ್ತಾರೆ. ಆದರೆ ಆ ಶಿಲುಬೆ ಮಾತ್ರ ಬೇಕು! ಮಂಚದ ಪಟ್ಟಿಗಳನ್ನು ಬಿಚ್ಚಿ ಜೋಡಿಸಿ, ಈಗಿನ ಕಾಲದ ರಿಸೀವರ್ ಒಂದನ್ನು ಕೂರಿಸಿ, ಟೆರೇಸಿನಲ್ಲಿ ನಿಲ್ಲಿಸಿಯೇ ಬಿಟ್ಟರು. ಹಡಗಿನ ರಾಡಾರ್ ತಾಗಿದರೆ ಅದು ಗರಗರ ಎನ್ನುತ್ತದೆ. ಅತ್ತೆ ಅಂದಿನಿಂದ ನೆಲದ ಮೇಲೆ ಮಲಗುತ್ತಾರೆ.

ಪಕ್ಕದ ಮನೆಯ ಕ್ರೈಸ್ತ ಹೆಂಗಸು ಬಾಯಮ್ಮ, ಕಂಕನಾಡಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಶಿಲುಬೆ ಕಂಡ ಮರುದಿನವೇ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿದರು. ಮಾವ ಸುಮ್ಮನಿರುವ ಜನವೇ?

"ಬಾಯಮ್ಮ, ಅದು ನಿಮ್ಮ ಶಿಲುಬೆ ಅಲ್ಲ. ಅಪಾಯ ಬರುವ ಮೊದಲೇ ಹೇಳುವ ಯಂತ್ರ."

"ಮತ್ತೆ ನಮ್ಮ ಶಿಲುಬೆ ಎಂತ ಮಾಡುವುದು?" ಎಂದರು ಬಾಯಮ್ಮ.

ಮೇಣದಬತ್ತಿ ಈಗಲೂ ಉರಿಯುತ್ತಿದೆ.

ಮಳೆಯ ಮೊದಲ ಹನಿ ಬಿದ್ದರೆ ಮಾವ "ಮುಳುಗು!" ಎಂದು ಕೂಗಿ, ಶಿಲುಬೆ ಕಿತ್ತುಕೊಂಡು ಮೆಟ್ಟಿಲಿಳಿದು ಓಡುತ್ತಾರೆ. ಒಂದು ದಿನ ಎದುರಿಗೆ ನಮ್ಮ ಅಸೋಸಿಯೇಶನ್ನಿನ ಸೆಕ್ರೆಟರಿ ಬಂಗುಡೆ ಮೀನಿನ ಚೀಲ ಹಿಡಿದು ಹತ್ತುತ್ತಿದ್ದರು. ತಂತಿ ಅವರ ಪಂಚೆಗೆ ಸಿಕ್ಕಿತು. ಆಮೇಲಿನದನ್ನು ನಾನು ವರ್ಣಿಸುವುದಿಲ್ಲ! ಬಂಗುಡೆ ಕೆಳಗಿನ ಮಹಡಿಯವರೆಗೂ ಜಾರಿತು ಎಂದಷ್ಟೇ ಹೇಳಬಲ್ಲೆ.

"ಭಾನುವಾರದೊಳಗೆ ಇದನ್ನು ತೆಗೆಯದಿದ್ದರೆ ನಾನೇ ಮರಗೆಲಸದ ಆಚಾರಿಯನ್ನು ಕರ್ಕೊಂಡು ಬಂದು ಕಡಿಸ್ತೇನೆ" ಎಂದರು ಸೆಕ್ರೆಟರಿ, ಪಂಚೆ ಸುತ್ತಿಕೊಳ್ಳುತ್ತ.

"ಆಚಾರಿ ಎಂತಕ್ಕೆ? ನೌಕಾಪಡೆಯನ್ನೇ ಕರ್ಕೊಂಡು ಬನ್ನಿ!"

ಮಾವನನ್ನು ಒಪ್ಪಿಸಲು ಅತ್ತೆ ನನ್ನನ್ನು ಅಟ್ಟಿದರು. ಶನಿವಾರ ಮುಸ್ಸಂಜೆ ಹತ್ತಿ ಹೋದೆ. ಮಾವ ಶಿಲುಬೆಯನ್ನು ದೊಡ್ಡ ಹಡಗುಗಳು ಬರುವ ಪಣಂಬೂರಿನ ಕಡೆಗೆ ತಿರುಗಿಸಿಕೊಂಡು ನಿಂತಿದ್ದರು. ಗರಗರ ಕೇಳುತ್ತಿತ್ತು.

"ಹಡಗು ಬರ್ತಾ ಉಂಟು" ಎಂದರು.

"ಬರಲಿ ಮಾವ, ನಿಮಗೆಂತ?"

"ಅವನು ಅಲ್ಲೇ ಬಲೆ ಬಿಟ್ಟುಕೊಂಡು ಇದ್ದಾನೆ ಮಾರಾಯ್ತಿ. ಹಡಗಿನವರಿಗೆ ಆ ಸಣ್ಣ ದೋಣಿ ಕಾಣ್ತದಾ?"

ಅವನು ಎಂದರೆ ಸಣ್ಣ ಮಾವ. ದೊಡ್ಡ ಮಾವನ ಹೊಟ್ಟೆ ಕಡಲನ್ನು ಒಪ್ಪದೆ ಹೋದಾಗ, ಅವರ ಬದಲಿಗೆ ಶಾಲೆ ಬಿಟ್ಟು ದೋಣಿ ಹತ್ತಿದ ತಮ್ಮ. ಅಣ್ಣ ಓದಿ ಬ್ಯಾಂಕು ಸೇರಿದ್ದು ಹಾಗೆ. ಸಣ್ಣ ಮಾವ ಈ ವಯಸ್ಸಿನಲ್ಲೂ ನಾಡದೋಣಿ ಬಿಟ್ಟಿಲ್ಲ.

"ಹಾಗಾದರೆ ಇದನ್ನು ಅವರ ದೋಣಿಯಲ್ಲೇ ಇಡಬಹುದಲ್ಲ?"

"ಇಂಥದ್ದೇ ಒಂದು ಇಟ್ಟಿದ್ದೆ. ಕಿವಿ ತಿಂತದೆ ಅಂತ ಬಂದ್ ಮಾಡಿ, ಅದರ ಮೇಲೆ ಮೀನು ಕೊಯ್ದ. ಈಗ ಗರಗರ ಕೇಳಿದ ಕೂಡಲೇ ನಾನೇ ಫೋನ್ ಮಾಡ್ತೇನೆ. ಬೈತಾನೆ. ಬೈಲಿ. ಬೈದರೆ ಇದ್ದಾನೆ ಅಂತ ಗೊತ್ತಾಗ್ತದಲ್ಲ. ಆಮೇಲೆ ನನಗೆ ಊಟ ಸೇರ್ತದೆ."



ಭಾನುವಾರ ಸಂಜೆ ಸೆಕ್ರೆಟರಿ ಆಚಾರಿಯೊಡನೆ ಬಂದೇ ಬಂದರು. ಶಿಲುಬೆ ಜೋರಾಗಿ ಗರಗರ ಎನ್ನುತ್ತಿತ್ತು. ಮಾವ ಕಿವಿಗಿಟ್ಟ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಆ ಕಡೆ ಯಾರೂ ಎತ್ತುತ್ತಿರಲಿಲ್ಲ. ಒಪ್ಪಿಸಲು ಹೋಗಿದ್ದ ನಾನೇ ಟೆರೇಸಿನ ಬಾಗಿಲಿಗೆ ಅಡ್ಡ ನಿಂತೆ.

"ತೆಗೀರಿ, ಬೇಡ ಅನ್ನುವುದಿಲ್ಲ. ಆದರೆ ಸಣ್ಣ ಮಾವ ದಡಕ್ಕೆ ಬಂದ ಮೇಲೆ."

"ಯಾವಾಗ ಬರ್ತಾರೆ?"

"ಇವತ್ತು ಬರ್ತಾರೆ. ನಾಳೆ ಪುನಃ ಹೋಗ್ತಾರೆ!"

ಸೆಕ್ರೆಟರಿ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಫೋನಿನಲ್ಲಿ ಸಣ್ಣ ಮಾವನ ಬೈಗಳು ಕೇಳಿಸಿತು. ಅಚ್ಚ ತುಳುವಿನಲ್ಲಿ, ಮೂರು ಮನೆಗೆ ಕೇಳುವಷ್ಟು ಜೋರಾಗಿ. ದೊಡ್ಡ ಮಾವ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಣ್ಣೊರೆಸಿಕೊಂಡು, "ಹಸಿವಾಗ್ತದೆ, ಬಡಿಸ್ಲಿಕ್ಕೆ ಹೇಳು" ಎಂದರು.