ಆರುನೂರ ಎಂಬತ್ತು ಹೆಜ್ಜೆಯ ಬೋರ್‌ವೆಲ್

ದಿನಾಂಕ 12 ಏಪ್ರಿಲ್ 2004, ಸೋಮವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ: ಹೂಟಗಳ್ಳಿಯ ನಮ್ಮ ಮನೆಯ ಗೇಟು. ಹಾಜರಿದ್ದವರು: ನಿವೃತ್ತ ಡ್ರಿಲ್ ಮೇಷ್ಟ್ರಾದ ನಾನು, ನನ್ನ ಹೆಂಡತಿ ಸರೋಜ, ಪಕ್ಕದ ಮನೆಯ ಶಿವಣ್ಣ.

ಮಗಳು ಮಗುವಿನೊಂದಿಗೆ ಬಾಣಂತನಕ್ಕೆ ಬರಲು ಒಂದೇ ವಾರ ಉಳಿದಿತ್ತು. ನಲ್ಲಿಯಲ್ಲಿ ನೀರು ಬರುತ್ತಿದ್ದುದು ಮೂರು ದಿನಕ್ಕೊಮ್ಮೆ. ಆದ್ದರಿಂದ ಬೋರ್ ಕೊರೆಸಲು ತೀರ್ಮಾನಿಸಿದೆ. ಕಾನೂನು ಸ್ಪಷ್ಟವಾಗಿತ್ತು: ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ ಐನೂರು ಮೀಟರಿನೊಳಗಾದರೆ ಸರ್ಕಾರದ ಅನುಮತಿ ಬೇಕು. ನಮಗೆ ಹತ್ತಿರದ ಮೂಲವೆಂದರೆ ಮೈದಾನದಾಚೆ ಕೆಟ್ಟು ನಿಂತಿದ್ದ ಕೈಪಂಪು.

ಟೇಪು ತರುತ್ತೇನೆಂದ ಶಿವಣ್ಣ. ನಾನು ನಕ್ಕೆ. ಮೂವತ್ತು ವರ್ಷ ಮಕ್ಕಳಿಗೆ ಕವಾಯತು ಕಲಿಸಿದ ಕಾಲುಗಳಿವು. ಹೆಜ್ಜೆಗೆ ಎಪ್ಪತ್ತೈದು ಸೆಂಟಿಮೀಟರು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ನೇರ ರೇಖೆಯಲ್ಲಿ ಹೊರಟೆ. ಯಾರದೋ ಒಣಹಾಕಿದ್ದ ಸೀರೆ ಮುಖಕ್ಕೆ ಸುತ್ತಿಕೊಂಡಿತು. ಕಟ್ಟಿದ್ದ ಎಮ್ಮೆಯೊಂದು ಜಾಗ ಬಿಡಲಿಲ್ಲ. ಅದರ ಹೊಟ್ಟೆಯಡಿ ನುಸುಳಿದೆನೇ ಹೊರತು ರೇಖೆ ಬಿಡಲಿಲ್ಲ! ಆರುನೂರ ಎಂಬತ್ತು ಹೆಜ್ಜೆ. ಅಂದರೆ ಐನೂರ ಹತ್ತು ಮೀಟರು. ಅನುಮತಿ ಅನಗತ್ಯ!

ಎಂಟಕ್ಕೆ ಫೋನು ಮಾಡಿದೆ. ಹನ್ನೊಂದಕ್ಕೆ ಬೋರ್ ಲಾರಿ ಬಂತು. ಪೂಜೆ ಮಾಡಿ ಕಾಯಿ ಒಡೆದೆ. ಅದೇ ಹೊತ್ತಿಗೆ, ಆ ಕೈಪಂಪು ರಿಪೇರಿ ಮಾಡಿಸಲು ಮೆಕ್ಯಾನಿಕ್ ಜೊತೆ ಹೊರಟಿದ್ದ ಸರ್ಕಾರಿ ಎಂಜಿನಿಯರು ಲಾರಿ ಕಂಡು ಜೀಪು ನಿಲ್ಲಿಸಿದರು. ಅನುಮತಿ ಪತ್ರ ಕೇಳಿದರು. ನಾನು ಎದೆಯುಬ್ಬಿಸಿ, ನಾನೇ ಬರೆದ ನಕ್ಷೆ ಕೊಟ್ಟೆ.

"ಯಾವುದ್ರಲ್ಲಿ ಅಳೆದ್ರಿ ಸಾರ್?"

"ಹೆಜ್ಜೆಯಲ್ಲಿ."

ಅವರು ಮೆಕ್ಯಾನಿಕ್ ಕೈಲಿ ಟೇಪು ಹಿಡಿಸಿದರು. ನಾನೂರ ಎಂಟು ಮೀಟರು!

"ನಿಮ್ಮ ಹೆಜ್ಜೆ ಈಗ ಅರವತ್ತು ಸೆಂಟಿಮೀಟರಿಗೆ ಇಳಿದಿದೆ ಸಾರ್," ಎಂದರು ಮೆಲ್ಲಗೆ.

"ಇವರೊಬ್ರೇ ರಿಟೈರ್ ಆಗಿರೋದು ಅಂದ್ಕೊಂಡಿದ್ದೆ. ಕಾಲೂ ಆಗ್ಬುಟ್ಟಿದೆ ಕಣ್ರೀ ಶಿವಣ್ಣ," ಎಂದಳು ಸರೋಜ.

ಲಾರಿ ಹಿಂದಿರುಗಿತು. ನಾನು ವಿಧಿವತ್ತಾಗಿ ಅರ್ಜಿ ಬರೆದುಕೊಟ್ಟೆ. ಒಂದು ತಿಂಗಳಲ್ಲಿ ಅನುಮತಿ ಸಿಗಬಹುದು ಎಂದರು ಎಂಜಿನಿಯರು. ಬಾಣಂತಿ ಬರುವುದು ಮುಂದಿನ ವಾರವೆಂದು ತಿಳಿಸಿದೆ. ಅವರು ನನ್ನನ್ನು ಜೀಪಿಗೆ ಹತ್ತಿಸಿಕೊಂಡು ಕೈಪಂಪಿನ ಬಳಿಗೆ ಕರೆದೊಯ್ದರು. ಮೆಕ್ಯಾನಿಕ್ ಹೊಸ ವಾಷರ್ ಹಾಕಿದ. ಹತ್ತಾರು ಸಲ ಒತ್ತಿದ ಮೇಲೆ ನೀರು ಬಂತು, ತಣ್ಣಗೆ, ತಿಳಿಯಾಗಿ. ಬೀದಿಯವರೆಲ್ಲ ಬಿಂದಿಗೆ ತಂದರು. ಅವರನ್ನು ಸಾಲಾಗಿ ನಿಲ್ಲಿಸುವ ಅಧಿಕಾರವನ್ನು ನಾನೇ ವಹಿಸಿಕೊಂಡೆ.

ಶಿವಣ್ಣನ ಸೈಕಲ್ಲಿಗೆ ಬಿಂದಿಗೆ ಕಟ್ಟಿ ನಾಲ್ಕು ಸಲ ತಳ್ಳಿಕೊಂಡು ಬಂದೆ. ಸಂಜೆ ಆರಕ್ಕೆ, ಮಗಳಿಗೆಂದು ತೊಳೆದಿಟ್ಟಿದ್ದ ಹಂಡೆ ತುಂಬಿತು. ಸರೋಜ ಒಲೆ ಹಚ್ಚಿದಳು. ಆರೂವರೆಗೆ ದಿನದ ಕೊನೆಯ ಕೆಲಸವೂ ಮುಗಿಯಿತು: ಬಾಣಂತಿಯ ಹಂಡೆಯ ಮೊದಲ ಬಿಸಿನೀರು, ಹಿಡಿದುಕೊಂಡಿದ್ದ ನನ್ನ ಸೊಂಟಕ್ಕೆ ಬಿತ್ತು!